ಪೂರಿಗಾಲಿಯ ಬೀಗರ ಊಟದಲ್ಲಿ ಅರ್ಧ ಹಾಡು

ತಾವೇ ಪದ ಕಟ್ಟಿ, ತಾವೇ ರಾಗ ಹಾಕಿ, ತಾವೇ ಹಾಡುವ ಒಬ್ಬರ ಹೆಸರನ್ನಾದರೂ ನಿಮ್ಮ ತಾಲ್ಲೂಕಿನಿಂದ ಹೇಳಬಲ್ಲಿರಾ? ಸಿನಿಮಾಕ್ಕೆ ಹಾಡಿದವರನ್ನು ನಾನು ಕೇಳುತ್ತಿಲ್ಲ. ಟಿ.ವಿ. ಸ್ಪರ್ಧೆಯಲ್ಲಿ ಗೆದ್ದು ಬಂದವರನ್ನೂ ಕೇಳುತ್ತಿಲ್ಲ. ಹಗಲೆಲ್ಲ ಬೇರೆ ಕೆಲಸ ಮಾಡಿ, ಸಂಜೆ ಬಾಗಿಲು ಹಾಕಿಕೊಂಡು, ಸ್ವಂತ ಹಾಡನ್ನು ಮೊಬೈಲಿನಲ್ಲಿ ಮುದ್ರಿಸಿ, ಯಾರಾದರೂ ಕೇಳಿಯಾರು ಎಂದು ಕಾಯುವವರನ್ನು ಕೇಳುತ್ತಿದ್ದೇನೆ.

ನಾನು ತುಮಕೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಇಂಥ ಹಾಡುಗಾರರನ್ನು ಹುಡುಕಿ ಕೇಳುವುದು ನಾಗರಿಕರ ಕರ್ತವ್ಯಗಳಲ್ಲೊಂದು ಎಂದು ನಂಬಿ, ಕೆಲವು ವರ್ಷಗಳ ಹಿಂದೆ ‘ಕೇಳುಗರ ಕೂಟ’ ಎಂಬ ಸಣ್ಣ ಬಳಗವೊಂದನ್ನು ಕಟ್ಟಿದೆ. ತಿಂಗಳಿಗೊಮ್ಮೆ ಸೇರಿ, ಹೆಸರೇ ಕೇಳಿರದ ಒಬ್ಬರ ಧ್ವನಿಮುದ್ರಣವನ್ನು ಎರಡು ಸಲ ಪೂರ್ತಿಯಾಗಿ ಕೇಳುವುದು ನಮ್ಮ ನಿಯಮ. ಎರಡು ಸಲ ಏಕೆಂದರೆ, ಮೊದಲ ಸಲ ನಾವು ನಮಗೆ ಗೊತ್ತಿರುವ ಹಾಡುಗಳ ಪಕ್ಕದಲ್ಲಿಟ್ಟು ಅದನ್ನು ಅಳೆಯುತ್ತಿರುತ್ತೇವೆ. ಎರಡನೆಯ ಸಲ ಮಾತ್ರ ಅದನ್ನು ಕೇಳುತ್ತೇವೆ. ವಾದವೇನೋ ಗಟ್ಟಿಯಾಗಿತ್ತು, ಆದರೆ ಕೂಟ ಕರಗಿತು. ಒಬ್ಬರಿಗೆ ವರ್ಗವಾಯಿತು, ಒಬ್ಬರಿಗೆ ಮೊಮ್ಮಗು ಹುಟ್ಟಿತು, ಉಳಿದವರು ‘ಲಿಂಕ್ ಕಳಿಸಿ, ಮನೆಯಲ್ಲೇ ಕೇಳುತ್ತೇವೆ’ ಎಂದರು. ಇತ್ತೀಚಿನ ಸಭೆಗಳಲ್ಲಿ ನಾನೇ ಕುರ್ಚಿ ಹಾಕಿ, ನಾನೇ ಕೇಳಿ, ನಾನೇ ಕುರ್ಚಿ ಮಡಿಸಿಟ್ಟು ಬಂದಿದ್ದೇನೆ.

ಹಾಗೆ ಒಬ್ಬಳೇ ಕೂತ ಒಂದು ಸಂಜೆ ಭಾಗ್ಯ ಎಂಬವರ ಹಾಡು ಸಿಕ್ಕಿತು. ಒಂದು ಹೆಣ್ಣುದನಿ, ಒಂದು ಗಿಟಾರು, ಅಷ್ಟೆ. ಊರಿಗೆಲ್ಲ ರವಿಕೆ ಹೊಲಿದುಕೊಡುವ ಹೆಣ್ಣೊಬ್ಬಳು ಆ ಹಾಡಿನಲ್ಲಿ ಹೇಳುತ್ತಾಳೆ:

ಅಳತೆ ತಕ್ಕೊಂಡೆ ಊರಿನ ಭುಜಕೆಲ್ಲ,
ನನ್ನ ಭುಜದ ಮ್ಯಾಲೆ ಒಂದು ಕೈಯಿಲ್ಲ.

ಹಾಡು ಮುಗಿದ ಕೂಡಲೇ ಗಂಡಸೊಬ್ಬರ ದನಿ ‘ಚಾರ್ಜರ್ ಐತಾ?’ ಎಂದು ಕೇಳುತ್ತದೆ. ಅಲ್ಲಿಗೆ ಮುದ್ರಣ ನಿಲ್ಲುತ್ತದೆ. ಅಷ್ಟು ಆರ್ತವಾದ ಹಾಡಿನ ಕೊನೆಗೆ ಆ ಪ್ರಶ್ನೆ ಏಕಿರಬಹುದು ಎಂದು ನಾನು ಗಂಭೀರವಾಗಿ ಆಲೋಚಿಸಿದೆ. ನಮ್ಮ ಕಾಲದ ಬಳಲಿಕೆಗೆ ಅದೊಂದು ರೂಪಕವೆಂದು ತೀರ್ಮಾನಿಸಿದೆ. ಹಾಡಿನ ಕೆಳಗೆ ‘ನಿಮ್ಮನ್ನು ಎದುರಿಗೆ ಕೂತು ಎಲ್ಲಿ ಕೇಳಬಹುದು?’ ಎಂದು ಬರೆದೆ. ‘ಭಾನುವಾರ ಪೂರಿಗಾಲೀಲಿ ಬೀಗ್ರೂಟ. ಬನ್ನಿ’ ಎಂದು ಉತ್ತರ ಬಂತು; ಜೊತೆಗೆ ಅವರ ಮನೆಯ ಮತ್ತು ಗಿಟಾರು ನುಡಿಸುವವರ ಅಂಗಡಿಯ ವಿಳಾಸ.

ಶನಿವಾರ ಬೆಳಿಗ್ಗೆ ಹೊರಟೆ. ಕೂಟದ ಹಳೆಯ ಸದಸ್ಯರಿಗೆಲ್ಲ ಬರುತ್ತೀರಾ ಎಂದು ಕೇಳಿದ್ದೆ. ಶುಭ ಪ್ರಯಾಣ ಹಾರೈಸಿದ್ದರು. ಬೆಂಗಳೂರಿನಲ್ಲಿ ಬಸ್ಸು ಬದಲಿಸಿ, ಹೊಸ ಹೆದ್ದಾರಿಯ ವೇಗದ ಬಸ್ಸನ್ನು ಬೇಕೆಂದೇ ಬಿಟ್ಟು, ಊರೂರಿಗೂ ನಿಲ್ಲುವ ಬಸ್ಸು ಹತ್ತಿದೆ. ಕಂಡಕ್ಟರು ಹೆಂಗಸರಿಗೆ ಕೊಡುವ ಶೂನ್ಯ ಮೊತ್ತದ ಚೀಟಿ ಹರಿಯುತ್ತ, ‘ಒಬ್ರೇನಾ?’ ಎಂದರು. ಹೌದೆಂದೆ. ಪಕ್ಕದ ಸೀಟಿನಲ್ಲಿ ನನ್ನ ಚೀಲ ಕೂತಿತ್ತು. ಮಾರ್ಚಿ ತಿಂಗಳ ಬಿಸಿಲು ಕಿಟಕಿಯ ಕಂಬಿಯನ್ನು ಕಾಯಿಸಿತ್ತು. ನಿಡಘಟ್ಟದಲ್ಲಿ ಬಸ್ಸು ನಿಂತಾಗ ರಸ್ತೆಬದಿಯ ಹೋಟೆಲಿನಾತ ಹೆಂಚಿನ ಮುಂದೆ ಸುಮ್ಮನೆ ನಿಂತು ನಮ್ಮನ್ನೇ ನೋಡುತ್ತಿದ್ದ. ವಾಹನಗಳೆಲ್ಲ ಹೊಸ ರಸ್ತೆ ಹಿಡಿದ ಮೇಲೆ, ನಿಂತ ಬಸ್ಸಿನಿಂದ ಯಾರಿಳಿದಾರು ಎಂದು ನೋಡುವುದೂ ಅವನ ಕೆಲಸದ ಭಾಗವಾಗಿರಬೇಕು. ಯಾರೂ ಇಳಿಯಲಿಲ್ಲ.

ಮದ್ದೂರಿನಲ್ಲಿ ಇಳಿದೆ. ಭಾಗ್ಯ ಅವರಿಗೆ ಗಿಟಾರು ನುಡಿಸುವ ಚಂದ್ರು ಪೇಟೆ ಬೀದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಮೂವತ್ತರ ಆಸುಪಾಸಿನ, ನಗು ಮುಖದ ಮನುಷ್ಯ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕಾಫಿ ತರಿಸಿದರು.

‘ತುಮ್ಕೂರಿಂದ ಇದುಕ್ಕೇ ಬಂದ್ರಾ ಮೇಡಂ? ಬ್ಯಾರೆ ಏನೂ ಕೆಲ್ಸ ಇರ್ಲಿಲ್ವಾ?’

‘ಇದೇ ಕೆಲಸ’ ಎಂದೆ.

‘ಹಂಗಾರೆ ನಮ್ಗಿಂತ ನಿಮ್ಗೇ ಜಾಸ್ತಿ ಹುಚ್ಚು ಬುಡಿ.’

ಹಾಡು ಮುದ್ರಿಸಿದ ಜಾಗ ತೋರಿಸಿದರು. ಅದು ಅಂಗಡಿಯ ಹಿಂಬದಿಯಲ್ಲಿ ಹಳೆಯ ಡಬ್ಬಗಳನ್ನು ಪೇರಿಸಿಡುವ ಮೂಲೆ. ಶಟರನ್ನು ಅರ್ಧ ಇಳಿಸಿ, ಭಾಗ್ಯ ಅವರ ತಲೆಯ ಮೇಲೊಂದು ಕಂಬಳಿ ಹೊದಿಸಿ ಮುದ್ರಿಸಿದರಂತೆ. ನಾನು ನನ್ನ ರೂಪಕದ ವ್ಯಾಖ್ಯಾನವನ್ನು ವಿಸ್ತಾರವಾಗಿ ಅವರ ಮುಂದಿಟ್ಟೆ. ಚಂದ್ರು ಪೂರ್ತಿ ಕೇಳಿಸಿಕೊಂಡು, ‘ಗಿರಾಕಿ ಮೇಡಂ ಅದು. ಶಟರ್ ಬಗ್ಗಿ ನೋಡಿ ಕೇಳ್ಬುಟ್ಟ. ಹಾಡೇನೋ ಚೆನ್ನಾಗಿ ಬಂದಿತ್ತು, ಇನ್ನೊಂದ್ ಸಲ ಭಾಗ್ಯಕ್ಕ ಹಾಡಲ್ಲ ಅಂದ್ಳು. ಹಂಗೇ ಬುಟ್ವಿ’ ಎಂದರು. ಆಮೇಲೆ ತಾವಾಗಿಯೇ, ‘ಚಾರ್ಜರ್ ಕೊಟ್ಟೆ ಕಣ್ರಿ, ಅದು ಮಾತ್ರ ರೆಕಾರ್ಡ್ ಆಗ್ಲಿಲ್ಲ’ ಎಂದು ಸೇರಿಸಿದರು.

ಅದೇ ಸಂಜೆ ಮಂಡ್ಯಕ್ಕೆ ಹೋದೆ. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನವರು ಆಧಾರ್ ಕಾರ್ಡನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ‘ಒಬ್ರೇನಾ?’ ಎಂದು ಕೇಳಿ ಬೀಗದ ಕೈ ಕೊಟ್ಟರು. ಚೀಲ ಇಟ್ಟು ಆಟೋದಲ್ಲಿ ಗುತ್ತಲಿಗೆ ಹೋದೆ. ಭಾಗ್ಯ ಅವರದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯ ತುಂಬ ಇನ್ನೂ ಕೊಕ್ಕೆ ಹಾಕದ ರವಿಕೆಗಳು, ಲಗ್ನಗಳ ಕಾಲ. ಹಾಡಿನಲ್ಲಿರುವ ಹೆಣ್ಣು ಕಲ್ಪನೆಯಲ್ಲ ಎಂಬುದು ಹೊಸ್ತಿಲಲ್ಲೇ ತಿಳಿಯಿತು. ಅವರು ಹೊಲಿಗೆ ಯಂತ್ರದಿಂದ ಏಳದೆ, ‘ಕೂತ್ಕಳಿ ಅಕ್ಕ, ಈ ತೋಳೊಂದು ಮುಗ್ಸ್‌ಬುಡ್ತೀನಿ’ ಎಂದರು.

ತೋಳು ಮುಗಿದ ಮೇಲೆ ಮಾತಾಡಿದರು. ಅವರೂ ಚಂದ್ರುವೂ ಮಳವಳ್ಳಿಯ ಪುಟ್ಟಸ್ವಾಮಿ ಎಂಬವರ ಆರ್ಕೆಸ್ಟ್ರಾದಲ್ಲಿದ್ದಾರೆ. ಮದುವೆ, ಬೀಗರ ಊಟ, ಗೃಹಪ್ರವೇಶಗಳಲ್ಲಿ ಸಿನಿಮಾ ಹಾಡು ಹಾಡುವ ತಂಡ ಅದು. ಸ್ವಂತ ಹಾಡಿಗೆ ಅಲ್ಲಿ ಒಂದೇ ಹೊತ್ತು: ಊಟದ ಹೊತ್ತು. ಎಲೆ ಹಾಕಿದರೆಂದರೆ ಜನ ಎದ್ದು ಹೋಗುತ್ತಾರೆ. ಮುಖ್ಯ ಗಾಯಕರೂ ಉಣ್ಣಲು ಹೋಗುತ್ತಾರೆ. ವೇದಿಕೆ ಖಾಲಿ ಕಾಣಬಾರದೆಂದು ಆ ಹೊತ್ತನ್ನು ಇವರಿಬ್ಬರಿಗೆ ಬಿಟ್ಟಿದ್ದಾರೆ.

‘ಅಂದರೆ ನಿಮ್ಮ ಹಾಡುಗಳನ್ನು ನೀವು ಹಾಡುವುದು ಖಾಲಿ ಕುರ್ಚಿಗಳಿಗೆ?’

‘ಕುರ್ಚಿಗೇ ಅಕ್ಕ. ಕುರ್ಚಿ ಎದ್ದೋಗಕಿಲ್ಲ ನೋಡಿ, ಅದೊಂದು ಅನುಕೂಲ.’ ನಗದೆ ಹೇಳಿದರು. ‘ಈಗ ಅದೂ ಓಯ್ತದೆ. ನಮ್ ಆರ್ಕೆಸ್ಟ್ರಾ ಯಜಮಾನ್ರು ಯೋಳವ್ರೆ, ನಾಳೆ ಕಡೆ ಸಲ ಅಂತ. ಹತ್ತು ಜನ ಕೂತು ಕೇಳುದ್ರೆ ಮುಂದುಕ್ಕೂ ಮಡಗ್ತಾರಂತೆ. ಇಲ್ದಿದ್ರೆ ಆ ಹೊತ್ತಲ್ಲಿ ಪೆನ್‌ಡ್ರೈವ್ ಹಾಕ್ಬುಡ್ತಾರಂತೆ.’

‘ಬೇರೆ ವೇದಿಕೆ ಹುಡುಕಿದರಾಯಿತು’ ಎಂದೆ.

‘ಎಲ್ಲೈತೆ ಯೋಳಿ?’

ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಂದ ಬಹುಮಾನ ಹೊತ್ತು ತಂದವಳು ನಾನು. ಪ್ರತಿವಾದ ಇಲ್ಲದ ಪ್ರಶ್ನೆ ಬಲು ಅಪರೂಪವಾಗಿ ಎದುರಾಗಿದೆ. ಇದು ಅಂಥದ್ದು. ‘ನಾಳೆ ನಾನಂತೂ ಕುರ್ಚಿ ಬಿಟ್ಟು ಏಳುವುದಿಲ್ಲ’ ಎಂದು ಮಾತು ಕೊಟ್ಟೆ. ‘ಒಬ್ರಾದ್ರು’ ಎಂದು ಭಾಗ್ಯ ಇನ್ನೊಂದು ರವಿಕೆ ಎತ್ತಿಕೊಂಡರು. ಲಾಡ್ಜಿಗೆ ಮರಳಿ, ಹೋಟೆಲಿನಿಂದ ತಂದ ಚಿತ್ರಾನ್ನವನ್ನು ಮಂಚದ ಮೇಲೆ ಕಾಗದ ಹಾಸಿ ತಿಂದೆ. ಪಕ್ಕದ ಕೋಣೆಯಲ್ಲೊಂದು ಕುಟುಂಬ ಯಾವುದೋ ಮದುವೆಗೆ ಬಂದಿತ್ತು; ಗೋಡೆಯಾಚೆಗಿನ ಅವರ ನಗು ಕೇಳಿಸುತ್ತಿತ್ತು, ಏಕೆ ನಗುತ್ತಿದ್ದಾರೆಂಬುದು ಮಾತ್ರ ಕೇಳಿಸುತ್ತಿರಲಿಲ್ಲ.

ಭಾನುವಾರ ಭಾಗ್ಯ, ಚಂದ್ರು ಇಬ್ಬರೂ ಆರ್ಕೆಸ್ಟ್ರಾದ ಟೆಂಪೊದಲ್ಲಿ ಮುಂಚೆಯೇ ಹೋಗಿದ್ದರು. ಅದರಲ್ಲಿ ಸ್ಪೀಕರುಗಳ ನಡುವೆ ಇನ್ನೊಬ್ಬರಿಗೆ ಜಾಗವಿರಲಿಲ್ಲ. ನಾನು ಮಳವಳ್ಳಿ ಬಸ್ಸು ಹಿಡಿದೆ. ಕಬ್ಬು ತುಂಬಿದ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿ ಬಸ್ಸು ಬಹು ಹೊತ್ತು ತೆವಳಿತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಭಾಗ್ಯ ಅವರ ಹಾಡನ್ನೇ ಮತ್ತೆ ಕೇಳಿದೆ. ಮೂರು ನುಡಿಗಳ ಹಾಡು. ಎರಡನೆಯದರಲ್ಲಿ ಒಳಹೊಲಿಗೆಯ ಮಾತು ಬರುತ್ತದೆ, ಮೂರನೆಯದರಲ್ಲಿ ಅವಳು ದೀಪ ಆರಿಸಿ, ಯಂತ್ರಕ್ಕೆ ಬಟ್ಟೆ ಮುಚ್ಚುತ್ತಾಳೆ. ಮಳವಳ್ಳಿಯಲ್ಲಿ ಇಳಿದು ಎಳನೀರು ಕುಡಿದು, ಪೂರಿಗಾಲಿಯ ಬಸ್ಸಿಗೆ ಕಾದು ಹತ್ತಿದೆ. ಹಬ್ಬಕ್ಕೆ ಹೊರಟಂತೆ ಸಿಂಗರಿಸಿಕೊಂಡಿದ್ದ ಹೆಂಗಸರ ನಡುವೆ, ಆ ಊರಿನಲ್ಲಿ ಪರಿಚಯದ ಮನೆ ಒಂದೂ ಇಲ್ಲದವಳು ಬಹುಶಃ ನಾನೊಬ್ಬಳೇ.

ಬೀಗರ ಊಟವನ್ನು ಅರಿಯದ ಓದುಗರಿಗೆ ಒಂದು ಮಾತು. ಮದುವೆಯಾದ ಮೇಲೆ ಒಂದು ಕಡೆಯವರು ಇನ್ನೊಂದು ಕಡೆಯ ಬೀಗರನ್ನು ಕರೆದು ಹಾಕುವ ಮಾಂಸದೂಟ ಅದು. ಇಲ್ಲಿ ಹೆಣ್ಣಿನ ಕಡೆಯವರು ಕರೆದಿದ್ದರು. ಮದುವೆಯ ದಿನ ಆದ ಕೊರತೆಯನ್ನು ಈ ದಿನ ತುಂಬಬೇಕು. ಈ ದಿನ ಕೊರತೆಯಾದರೆ ಅದನ್ನು ತುಂಬಲು ಬೇರೆ ದಿನವಿಲ್ಲ. ಶಾಮಿಯಾನದ ಒಂದು ತುದಿಯಲ್ಲಿ ವೇದಿಕೆ ಮತ್ತು ಕುರ್ಚಿಗಳು. ಇನ್ನೊಂದು ತುದಿಯಲ್ಲಿ ತಡಿಕೆಯಾಚೆ ಊಟದ ಮೇಜುಗಳು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜಿನ ವಾಸನೆ ಊರ ಬಾಗಿಲಿಗೇ ಬಂದು ಎದುರುಗೊಂಡಿತು. ಪುಟ್ಟಸ್ವಾಮಿಯವರ ತಂಡ ಕುಣಿತದ ಹಾಡುಗಳನ್ನು ಹಾಡುತ್ತಿತ್ತು, ಕುರ್ಚಿಗಳೆಲ್ಲ ತುಂಬಿದ್ದವು.

‘ಎಲೆ ಹಾಕವ್ರೆ, ಏಳ್ರಪ್ಪೋ’ ಎಂದು ಯಾರೋ ಕೂಗಿದರು. ಕುರ್ಚಿಗಳು ಖಾಲಿಯಾದವು. ಮೊದಲ ಪಂಕ್ತಿಯಲ್ಲಿ ಜಾಗ ಸಿಗದವರೂ ಕೂರಲಿಲ್ಲ. ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು, ಅವರ ಕುರ್ಚಿ ಹಿಡಿದುಕೊಂಡು ಕಾಯುವುದು ರೂಢಿ. ವೇದಿಕೆಯ ಮೇಲೆ ಭಾಗ್ಯ ಮೈಕಿನ ಎತ್ತರ ತಗ್ಗಿಸಿಕೊಂಡರು. ಚಂದ್ರು ನನ್ನತ್ತ ಹುಬ್ಬು ಹಾರಿಸಿದರು. ನಾನು ಎರಡನೆಯ ಸಾಲಿನ ನಡುವೆ, ಸುತ್ತ ನೂರಾರು ಖಾಲಿ ಕುರ್ಚಿಗಳ ಮಧ್ಯೆ, ನೆಟ್ಟಗೆ ಕೂತೆ. ಪುಟ್ಟಸ್ವಾಮಿಯವರು ಮಿಕ್ಸರಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

ಮುದ್ರಣದಲ್ಲಿ ಕೇಳಿದ ದನಿಗಿಂತ ಎದುರಿನ ದನಿ ಒರಟಾಗಿತ್ತು, ಹತ್ತಿರವಾಗಿತ್ತು. ತಮ್ಮ ಬೇರೆ ಎರಡು ಹಾಡು ಮುಗಿಸಿ ಭಾಗ್ಯ ರವಿಕೆಯ ಹಾಡು ಎತ್ತಿಕೊಂಡರು. ಅದರ ಮೊದಲ ನುಡಿ ಅರ್ಧವಾಗುವಷ್ಟರಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಮದುಮಗಳ ಸೋದರತ್ತೆ ಎಂದು ಆಮೇಲೆ ತಿಳಿಯಿತು.

‘ಯಾಕವ್ವ ಇಲ್ಲೇ ಕುಂತ್ಬುಟ್ಟೆ? ಬಾ, ಉಣ್ಣುವಂತೆ.’

‘ಆಮೇಲೆ ಮಾಡುತ್ತೇನೆ ಅಮ್ಮ’ ಎಂದು ಪಿಸುಗುಟ್ಟಿದೆ.

ಅವರ ಮುಖ ಬದಲಾಯಿತು. ‘ಯಾರಾರ ಏನಾರ ಅಂದ್ರಾ?’

‘ಯಾರೂ ಏನೂ ಅನ್ನಲಿಲ್ಲ. ಹಾಡು ಕೇಳುತ್ತಿದ್ದೇನೆ.’

ಊಟ ಬಿಟ್ಟು ಹಾಡು ಕೇಳುವವರನ್ನು ಅವರು ಕಂಡಿರಲಿಲ್ಲ; ಹಾಡು ಒಂದು ನೆಪವೆಂದೇ ಬಗೆದರು. ಗುರುತಿಲ್ಲದ ಮುಖವಾದ್ದರಿಂದ ನನ್ನನ್ನು ಗಂಡಿನ ಕಡೆಯವಳೆಂದುಕೊಂಡಿದ್ದರು. ಬೀಗರ ಕಡೆಯ ಹೆಂಗಸು, ಒಬ್ಬಳೇ, ಎಲೆಗೆ ಬೆನ್ನು ಹಾಕಿ ಕೂತಿದ್ದಾಳೆ ಎಂದರೆ ಈ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ: ಮುನಿಸು. ಅವರು ನನ್ನ ಭುಜದ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತರು. ಮುನಿದವರನ್ನು ಒಂಟಿಯಾಗಿ ಬಿಡಬಾರದಂತೆ. ತುಸು ಹೊತ್ತಿನಲ್ಲಿ ಮತ್ತಿಬ್ಬರು ಹೆಂಗಸರು ಬಂದರು. ಅವರ ಹಿಂದೆ ಹೆಗಲ ಮೇಲೆ ಟವಲು ಹಾಕಿದ ಮದುಮಗಳ ಸೋದರಮಾವ ಬಂದರು.

‘ಅಮ್ಮಾ, ಬಡ್ಸೋರು ಹುಡುಗ್ರು. ಏನಾರ ಹೆಚ್ಚುಕಮ್ಮಿ ಆಗಿದ್ರೆ ಹೊಟ್ಟೆಗಾಕ್ಕೊಬೇಕು.’

ನಾನು ಎದ್ದು ನಿಂತು ಸ್ಪಷ್ಟವಾಗಿ ಹೇಳಿದೆ: ‘ದಯವಿಟ್ಟು ತಪ್ಪು ತಿಳಿಯಬೇಡಿ. ನನಗೆ ಯಾರ ಮೇಲೂ ಅಸಮಾಧಾನವಿಲ್ಲ.’

ಅವರು ಪಕ್ಕದವರ ಕಡೆ ತಿರುಗಿದರು. ‘ನೋಡುದ್ಯಾ? ಅಸಮಾಧಾನ ಅಂತ ಬಾಯಲ್ಲೇ ಬಂತು. ನಾನ್ ಮದ್ವೆ ದಿನಾನೇ ಬಡ್ಕೊಂಡೆ ಕಣ್ಲಾ, ಅವ್ರ್ ಕಡೆಯವ್ರ್‌ನ ಸರ್ಯಾಗಿ ನೋಡ್ಕಳಿ ಅಂತ.’

ಎಷ್ಟು ಚೆನ್ನಾಗಿ ವಾದಿಸಿದೆನೋ ಅಷ್ಟು ನನ್ನ ಮುನಿಸು ಅವರಿಗೆ ಖಚಿತವಾಗುತ್ತ ಹೋಯಿತು. ಸಿಟ್ಟಾದವರು ಮಾತ್ರವೇ ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದು ಅಲ್ಲಿಯ ಅನುಭವವಿರಬೇಕು.

ಈ ನಡುವೆ ನಾನು ಗಮನಿಸದ ಇನ್ನೊಂದು ಸಂಗತಿ ನಡೆದಿತ್ತು. ಮೊದಲ ಪಂಕ್ತಿ ಎದ್ದಿತ್ತು. ಉಂಡವರು ಕೈ ತೊಳೆದು, ಎಲೆಯಡಿಕೆ ಹಿಡಿದು, ಒಬ್ಬೊಬ್ಬರಾಗಿ ಬಂದು ಕುರ್ಚಿಗಳಲ್ಲಿ ಕೂರತೊಡಗಿದ್ದರು. ಎರಡನೆಯ ನುಡಿಯನ್ನು ಅವರು ಕೇಳುತ್ತಿದ್ದರು. ಹೊಟ್ಟೆ ತುಂಬಿದವರ ನಿರಾಳದಲ್ಲಿ, ಮಾತಿಲ್ಲದೆ ಕೇಳುತ್ತಿದ್ದರು. ಪುಟ್ಟಸ್ವಾಮಿಯವರು ಕೈಕಟ್ಟು ಬಿಚ್ಚಿ ಕುರ್ಚಿಗಳತ್ತ ನೋಡಿದರು. ಭಾಗ್ಯ ಕಣ್ಣು ಮುಚ್ಚಿದ್ದರು. ಮೂರನೆಯ ನುಡಿಗೆ ಚಂದ್ರು ಗಿಟಾರಿನಲ್ಲಿ ದಾರಿ ಮಾಡಿಕೊಡುತ್ತಿದ್ದರು. ಆಗ ಸೋದರಮಾವ ವೇದಿಕೆ ಹತ್ತಿದರು.

‘ಒಸಿ ನಿಲ್ಸವ್ವ ತಾಯಿ. ಇಲ್ಲೊಬ್ರು ಬೀಗ್ರು ಮುನಿಸ್ಕೊಂಡವ್ರೆ. ಮಾತಾಡುದ್ರೆ ಕೇಳುಸ್ತಿಲ್ಲ.’

ಮೈಕು ತೆರೆದೇ ಇತ್ತು. ಮಾತು ಊಟದ ಮೇಜುಗಳನ್ನೂ ದಾಟಿ ಕೇಳಿಸಿತು. ಭಾಗ್ಯ ನಿಲ್ಲಿಸಿದರು. ಗಂಡಿನ ತಂದೆ ಎಂಜಲು ಕೈಯಲ್ಲೇ ಧಾವಿಸಿ ಬಂದರು. ‘ಯಾರಯ್ಯ ಮುನಿಸ್ಕೊಂಡಿರೋದು ನಮ್ಮೋರು?’ ಎಂದು ನನ್ನನ್ನು ದಿಟ್ಟಿಸಿ ನೋಡಿದರು. ‘ಈವಮ್ಮ ನಮ್ಮೋರಲ್ಲ ಕಣಯ್ಯ.’

‘ಮತ್ತೆ ನಮ್ಮೋರೂ ಅಲ್ವಲ್ಲ!’ ಎಂದರು ಸೋದರಮಾವ. ‘ಯಾರ್ ಕಡೆಯವ್ರವ್ವ ನೀವು?’

ಶಾಮಿಯಾನವೆಲ್ಲ ನನ್ನ ಉತ್ತರಕ್ಕೆ ಕಾದಿತ್ತು. ‘ನಾನು ಯಾರ ಕಡೆಯವಳೂ ಅಲ್ಲ. ಈ ಹಾಡು ಕೇಳಲು ತುಮಕೂರಿನಿಂದ ಬಂದೆ’ ಎಂದೆ. ಎಲ್ಲರೂ ನಕ್ಕರು. ಕೆಡುಕಿನ ನಗುವಲ್ಲ, ದೊಡ್ಡ ಆತಂಕ ಕಳೆದವರ ನಗು. ‘ಅಯ್ಯೋ ಸಿವನೆ, ಮದ್ಲೇ ಯೋಳ್ಬಾರ್ದಾ?’ ಎಂದು ಮಾವ ಹಣೆ ಚಚ್ಚಿಕೊಂಡರು. ಯಾರೋ ‘ಹಾಡಿಗೆ ಬೀಗ್ತಿ ಕಣ್ಲಾ ಇವ್ರು’ ಎಂದರು. ನಗು ಇನ್ನೂ ಏರಿತು. ಆ ಗದ್ದಲ ಮುಚ್ಚಲೆಂದು ಪುಟ್ಟಸ್ವಾಮಿಯವರು ಪೆನ್‌ಡ್ರೈವ್ ಸಿಕ್ಕಿಸಿದರು. ಸಿನಿಮಾ ಹಾಡೊಂದು ಅಬ್ಬರಿಸಿತು.

ನನ್ನನ್ನು ಕರೆದೊಯ್ದು ಉಣಿಸಿದರು. ನನ್ನೆಲೆಗೆ ಬಿದ್ದಷ್ಟು ಮುದ್ದೆ, ಮಟನ್ ಚೂರು ಬೇರೆ ಯಾರ ಎಲೆಗೂ ಬೀಳಲಿಲ್ಲ. ಸುತ್ತ ಅಷ್ಟು ಜನ ಕೂತು ನಾನು ಉಂಡು ಎಷ್ಟೋ ಕಾಲವಾಗಿತ್ತು.

ಊಟ ಮುಗಿಸಿ ವೇದಿಕೆಯ ಹಿಂದಕ್ಕೆ ಹೋದೆ. ಭಾಗ್ಯ ವೈರು ಸುತ್ತುತ್ತಿದ್ದರು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮುನ್ನವೇ, ‘ನೀವು ಮದ್ಲ ಪಂಕ್ತೀಲೇ ಉಂಡ್ಬುಟ್ಟು ಬಂದು ಕೂತಿದ್ರೆ ಹಾಡು ಮುಗೀತಿತ್ತು ಅಕ್ಕ’ ಎಂದರು. ದೂರಿನ ದನಿಯಲ್ಲ, ಅಳತೆ ಹೇಳುವ ದನಿ.

ಪುಟ್ಟಸ್ವಾಮಿಯವರಲ್ಲಿ ನಾನು ವಾದ ಹೂಡಿದೆ. ಜನ ಕೂತಿದ್ದರು, ನೀವೇ ನೋಡಿದಿರಿ ಎಂದೆ. ‘ನೋಡ್ದೆ ಮೇಡಂ. ನಿಮ್ಮುನ್ನೂ ನೋಡ್ದೆ’ ಎಂದರು. ‘ನಂಗೇನ್ ಅವ್ಳ ಮ್ಯಾಲೆ ದ್ವೇಷವಾ? ನಾಳೆ ಇನ್ನೊಂದ್ ಮನೇಲಿ, ನಿಮ್ಮ ಹಾಡಿಂದ ನಮ್ಮ ಊಟ ಕೆಡ್ತು ಅಂದ್ರೆ ಯಾರ್ ಜವಾಬ್ದಾರಿ? ಆ ಹೊತ್ಗೆ ಪೆನ್‌ಡ್ರೈವೇ ಸರಿ.’ ಅಲ್ಲಿಗೆ ಮುಗಿಯಿತು.

ಆಗ ಸೋದರತ್ತೆ ಎಲೆಯಡಿಕೆಯ ತಟ್ಟೆ ಹಿಡಿದು ಬಂದರು. ನನಗೆ ಕೊಟ್ಟು, ಭಾಗ್ಯ ಅವರತ್ತ ತಿರುಗಿದರು.

‘ಅಲ್ಲ ಕಣವ್ವ, ಆ ಹಾಡು ಅರ್ಧಕ್ಕೇ ನಿಂತೋಯ್ತಲ್ಲ. ಆಮ್ಯಾಕೆ ಆ ಎಣ್ಣಿನ ಭುಜದ ಮ್ಯಾಲೆ ಯಾರಾರ ಕೈ ಮಡಗುದ್ರಾ?’

ಭಾಗ್ಯ ಸುತ್ತುತ್ತಿದ್ದ ವೈರು ಕೈಯಲ್ಲೇ ನಿಂತಿತು. ‘ಇಲ್ಲ ಕಣವ್ವ. ಯಾರೂ ಮಡಗಲ್ಲ. ದೀಪ ಆರ್ಸಿ ಮಲಿಕ್ಕತಾಳೆ. ಹಾಡು ಅಷ್ಟೆ.’

‘ಥೂ, ಯಾಕವ್ವ ಹಂಗ್ ಬರ್ದೆ? ನಿನ್ ಕೈಲೇ ಐತಲ್ಲ ಬರ್ಯೋದು. ಒಂದು ಕೈ ಮಡಗ್ಸು.’

ಎರಡು ದಿನಗಳಲ್ಲಿ ಭಾಗ್ಯ ನಕ್ಕದ್ದನ್ನು ನಾನು ನೋಡಿದ್ದು ಆಗಲೇ. ‘ಮಡಗ್ಸಣ ಬುಡಿ’ ಎಂದರು. ಉಳಿದದ್ದನ್ನು ಈಗಲೇ ಹಾಡಿ ಎಂದು ನಾನು ಬೇಡಿದೆ. ‘ಇವತ್ತು ಬ್ಯಾಡ ಅಕ್ಕ, ಮನ್ಸು ಬರಾಕಿಲ್ಲ’ ಎಂದು ವೈರನ್ನು ಟೆಂಪೊಗೆ ಹಾಕಿದರು. ಸೋದರತ್ತೆಯ ಪ್ರಶ್ನೆಯನ್ನು ಪುಟ್ಟಸ್ವಾಮಿಯವರೂ ಕೇಳಿಸಿಕೊಂಡಿದ್ದರು. ಅವರು ಮಿಕ್ಸರಿಗೆ ಬಟ್ಟೆ ಮುಚ್ಚಿದರು. ಸಂಜೆಯ ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದಾಗ ಹುಡುಗರು ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದರು.

ಭಾಗ್ಯ ಅವರಿಗೆ ಹೋದ ಆ ಹೊತ್ತನ್ನು ಮರಳಿ ಕೊಡಿಸುವ ವಾದ ನನ್ನಲ್ಲಿಲ್ಲ. ನಿಮ್ಮಲ್ಲಿ ಒಂದು ಕೋರಿಕೆ ಮಾತ್ರ ಇದೆ. ಮುಂದಿನ ಮದುವೆಗೋ ಬೀಗರ ಊಟಕ್ಕೋ ಹೋದಾಗ, ಮೊದಲ ಪಂಕ್ತಿಯಲ್ಲೇ ಊಟ ಮಾಡಿ. ಕೈ ತೊಳೆದು ನೇರವಾಗಿ ವೇದಿಕೆಯ ಮುಂದೆ ಬಂದು ಕೂರಿ. ಅಲ್ಲಿ ಹಾಡುತ್ತಿರುವವರಿಗೆ, ‘ನಿಮ್ಮದೇ ಹಾಡು ಒಂದಿದ್ದರೆ ಹಾಡಿ’ ಎಂದು ಹೇಳಿ. ಅದು ಮುಗಿಯುವವರೆಗೆ ಏಳಬೇಡಿ.